ಸೊಟ್ಟ ಹೊಲಿಗೆಯ ಶಿಬಿರ

ಸ್ಟಿಲ್‌ಹೌಸ್ ಕೊಳ್ಳ, ಕೆಂಟಕಿ
ಮಾರ್ಚ್ 3, 2014

ಡೆಲ್ಫಾ,

ಇದು ಹೋಬರ್ಟ್ ಕಾಡಿಲ್ ಬರೆಯುತ್ತಿರುವ ಕಾಗದ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಿನಗೆ ಗೊತ್ತಾಗಿರುತ್ತದೆ. ಒಲೆಗೆ ಹಾಕದೆ ಒಡೆದಿದ್ದೀಯ ಎಂದರೆ ನನ್ನ ಅರ್ಧ ಕೆಲಸ ಆದ ಹಾಗೆ. ಫೋನ್ ಮಾಡಬಹುದಿತ್ತು. ಆದರೆ ಐವತ್ತು ವರ್ಷ ಕೋವಿ ಹಾರಿಸಿ ಹಾರಿಸಿ ಎರಡು ಕಿವಿಯೂ ಕೈಕೊಟ್ಟಿವೆ. ಫೋನಿನಲ್ಲಿ ಎಲ್ಲರೂ ನೀರಿನೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತದೆ.

ವಿಷಯ ಇಷ್ಟು. ಹೋದ ವಾರ ನೆಲಮಾಳಿಗೆಯಲ್ಲಿ ಬೀನ್ಸ್ ಬೀಜ ಹುಡುಕುತ್ತಿದ್ದೆ. ನನ್ನಾಕೆ ಇಮೋಜೀನ್ ತೀರಿಕೊಂಡ ಮೇಲೆ ಆರು ವರ್ಷ ನಾನು ತೋಟಕ್ಕೆ ಕಾಲಿಟ್ಟಿರಲಿಲ್ಲ. ಈ ವರ್ಷ ಯಾಕೋ ಮನಸ್ಸಾಯಿತು. ಬೀಜವನ್ನೆಲ್ಲ ಅವಳು ಒಂದು ಚರ್ಮದ ಚೀಲದಲ್ಲಿ ತುಂಬಿ ತೊಲೆಗೆ ನೇತುಹಾಕಿದ್ದಳು. ಕೆಳಗಿಳಿಸಿ ಬೆಳಕಿಗೆ ತಂದರೆ, ಅದು ನೀನು ಮಾಡಿದ ಬೇಟೆಯ ಚೀಲ. ವರ್ಷಕ್ಕೊಮ್ಮೆ ಹಳೇ ಕಾಲದ ಬೇಟೆಗಾರರ ಹಾಗೆ ಬದುಕುವ ನಮ್ಮ ಬಕ್‌ಹಾರ್ನ್ ಶಿಬಿರದಲ್ಲಿ ತೀರ್ಪುಗಾರರ ಮೇಜಿನ ಮೇಲೆ ನೀನು ಬಿಟ್ಟು ಹೋದದ್ದು. ಅವಳು ಅದನ್ನು ಎತ್ತಿಟ್ಟುಕೊಂಡದ್ದು ನನಗೆ ಗೊತ್ತೇ ಇರಲಿಲ್ಲ.

ಇಲಿಯೊಂದು ಬೀಜದ ಆಸೆಗೆ ಪಕ್ಕದ ಹೊಲಿಗೆಯನ್ನು ಮೂರು ಕಡೆ ಕಡಿದಿತ್ತು. ಹೇಗೂ ಹಾಳಾಗಿದೆ ಎಂದು ಎರಡು ಕೈಯಲ್ಲಿ ಹಿಡಿದು ಎಳೆದೆ. ಬಿಚ್ಚಿಕೊಳ್ಳಲಿಲ್ಲ. ಮತ್ತೆ ಎಳೆದೆ. ಯಂತ್ರದ ಹೊಲಿಗೆ ಒಂದು ಕಡೆ ತುಂಡಾದರೆ ಸಾಕು, ಸರ್ರನೆ ಕೊನೆಯವರೆಗೂ ಬಿಚ್ಚಿಕೊಳ್ಳುತ್ತದೆ. ಇದು ಮೂರು ಕಡೆ ತುಂಡಾಗಿಯೂ ಪಟ್ಟು ಬಿಡಲಿಲ್ಲ. ಭೂತಗನ್ನಡಿ ತಂದು ನೋಡಿದೆ. ಒಂದೊಂದು ತೂತಿನಲ್ಲೂ ಎರಡೆರಡು ದಾರ, ಆ ಕಡೆಯಿಂದೊಂದು ಈ ಕಡೆಯಿಂದೊಂದು, ಒಂದನ್ನೊಂದು ದಾಟಿ ಹೋಗಿವೆ. ದಾರ ಕೈಯಲ್ಲಿ ಹೊಸೆದದ್ದು, ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಮೇಲೆ ಜೇನುಮೇಣ. ಅಂಗುಲಕ್ಕೆ ಹತ್ತು ಹೊಲಿಗೆ, ಹತ್ತೂ ಒಂದೇ ಅಳತೆ.

ಒಂಬತ್ತು ವರ್ಷದ ಹಿಂದೆ, ಇನ್ನೂರು ಜನರ ಎದುರಿಗೆ, ಇದು ಯಂತ್ರದ ಹೊಲಿಗೆ, ಇದಕ್ಕೆ ಇಲ್ಲಿ ಜಾಗವಿಲ್ಲ ಎಂದು ನಾನು ಹೇಳಿದೆ. ನೀನು ಗುಡಾರ ಕಿತ್ತುಕೊಂಡು ಹೋದೆ. ಅವತ್ತು ಮನೆಗೆ ಬರುವ ದಾರಿಯಲ್ಲೇ ಇಮೋಜೀನ್ ಹೇಳಿದ್ದಳು, ಅದು ಕೈಹೊಲಿಗೆ ಎಂದು. ನಿನಗೇನು ಗೊತ್ತು ಅಂದೆ. ನದಿ ದಾಟುವವರೆಗೂ ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೇ ಕೂತಿದ್ದಳು.

ತಪ್ಪು ನನ್ನದು. ಇದಕ್ಕಿಂತ ಚೆನ್ನಾಗಿ ಬರೆಯಲು ಮೂರು ಹಾಳೆ ಹರಿದೆ. ಬರಲಿಲ್ಲ.

ಹೋಬರ್ಟ್


ಕೂಪರ್ಸ್ ದಂಡೆ, ಒಹಾಯೊ
ಮಾರ್ಚ್ 21, 2014

ಶ್ರೀ ಹೋಬರ್ಟ್ ಕಾಡಿಲ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಒಲೆಗೆ ಹಾಕಲಿಲ್ಲ, ಒಲೆ ಆರಿತ್ತು.

ಚೀಲ ಬೀಜಕ್ಕಾದರೂ ಉಪಯೋಗಕ್ಕೆ ಬಂದದ್ದು ಸಂತೋಷ. ಜಿಂಕೆಯ ಚರ್ಮ ಹದ ಮಾಡುವುದಕ್ಕೆ ಒಂದು ಚಳಿಗಾಲ, ಅಕ್ರೋಟದ ಸಿಪ್ಪೆಯ ಬಣ್ಣ ಕಟ್ಟುವುದಕ್ಕೆ ಹದಿನೈದು ದಿನ, ಹೊಲಿಯುವುದಕ್ಕೆ ಹನ್ನೊಂದು ಸಂಜೆ ಹಿಡಿದಿತ್ತು. ಇಲಿಗೆ ಅದು ತಿಳಿಯದೆ ಇರಬಹುದು. ಇಲಿಯನ್ನು ನಾನು ಕ್ಷಮಿಸಿದ್ದೇನೆ.

ನೀವು ಆ ಮಾತು ಆಡಿದ್ದು ಇನ್ನೂರು ಜನರ ಎದುರಿಗೆ. ಈ ಕಾಗದವನ್ನು ನಾನೊಬ್ಬಳೇ ಓದಿದೆ. ಲೆಕ್ಕ ಸರಿಹೋಗಲಿಲ್ಲ. ಹೇಳುವುದಿದ್ದರೆ ಎಲ್ಲಿ ಆಡಿದಿರೋ ಅಲ್ಲೇ, ಯಾರ ಎದುರಿಗೆ ಆಡಿದಿರೋ ಅವರ ಎದುರಿಗೇ ಹೇಳಿ.

ಡೆಲ್ಫಾ ರಿಗ್ಸ್‌ಬಿ


ಸ್ಟಿಲ್‌ಹೌಸ್ ಕೊಳ್ಳ
ಏಪ್ರಿಲ್ 6, 2014

ಡೆಲ್ಫಾ,

ಹೇಳುತ್ತೇನೆ. ಅಕ್ಟೋಬರಿನಲ್ಲಿ, ಶಿಬಿರದ ಶನಿವಾರ ಬೆಳಿಗ್ಗೆ ಹಾಜರಿ ಕರೆಯುವಾಗ, ಮೈದಾನದ ಮರದ ಗಾಡಿಯ ಮೇಲೆ ಹತ್ತಿ ನಿಂತು ಹೇಳುತ್ತೇನೆ. ನನಗೀಗ ಎಪ್ಪತ್ತೆರಡು. ನಲವತ್ತು ವರ್ಷದಿಂದ ಆ ಮೈದಾನದಲ್ಲಿ ನನ್ನ ಮಾತೇ ಕೊನೆಯ ಮಾತು. ಈಗಿನಿಂದಲೇ ಹೆದರಿಕೆ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಆದರೆ ನಿನಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ನೀನು ಹೋದ ಮರು ವರ್ಷ ನಾನು ಶಿಬಿರದ ನಿಯಮಗಳ ಪುಸ್ತಕದಲ್ಲಿ ಒಂದು ಸಾಲು ಸೇರಿಸಿದೆ. ಆ ಏಳು ದಿನ ಸಾವಿರದ ಏಳುನೂರ ಎಂಬತ್ತರಿಂದ ಈಚಿನ ಯಾವುದೂ ಒಳಗೆ ಬರಬಾರದು ಎಂಬ ಹಳೆಯ ನಿಯಮ ನಿನಗೆ ನೆನಪಿದೆಯಲ್ಲ. ಅದರ ಕೆಳಗೆ ಬರೆದೆ: ಹೊಲಿಗೆ ಅತಿ ಸಮವಾಗಿದ್ದಲ್ಲಿ ಅದನ್ನು ಯಂತ್ರದ ಹೊಲಿಗೆ ಎಂದೇ ತಿಳಿಯತಕ್ಕದ್ದು.

ಅದರ ಫಲ ಏನಾಗಿದೆ ಎಂದು ನಿನ್ನೆಯವರೆಗೆ ನನಗೂ ಗೊತ್ತಿರಲಿಲ್ಲ. ನಿನ್ನ ಪತ್ರ ಹಿಡಿದುಕೊಂಡು ಎಂಬ್ರಿ ಸ್ಲೋನನ ಕುಲುಮೆಗೆ ಹೋದೆ. ಈಗ ಶಿಬಿರದ ಯಜಮಾನ ಅವನೇ. ವಿಷಯ ಹೇಳಿದೆ. ಅವನು ಸುತ್ತಿಗೆ ಕೆಳಗಿಟ್ಟ. ಆಮೇಲೆ ಬಾಯಿಬಿಟ್ಟ. ಎಂಟು ವರ್ಷದಿಂದ ಇಡೀ ಶಿಬಿರ ನನಗೆ ಹೆದರಿ ಬೇಕೆಂದೇ ಸೊಟ್ಟಗೆ ಹೊಲಿಯುತ್ತಿದೆಯಂತೆ. ಎಂಬ್ರಿಯ ಹೆಂಡತಿ ಮೊದಲು ನೆಟ್ಟಗೆ ಹೊಲಿದು, ಆಮೇಲೆ ನಾಲ್ಕಕ್ಕೊಂದು ಹೊಲಿಗೆ ಬಿಚ್ಚಿ ಓರೆ ಮಾಡುತ್ತಾಳಂತೆ. ಲೆಕ್ಸಿಂಗ್ಟನ್ನಿನ ಹಲ್ಲಿನ ಡಾಕ್ಟರಮ್ಮ ಒಬ್ಬರಿದ್ದಾರೆ. ಕೈ ಅಷ್ಟು ಚುರುಕು, ಆದ್ದರಿಂದ ನನ್ನ ಮೇಜಿಗೆ ಬರುವುದನ್ನೆಲ್ಲ ಪಾಪ ಎಡಗೈಯಲ್ಲಿ ಹೊಲಿಯುತ್ತಾರಂತೆ. ಹೋದ ವರ್ಷ ಅವರ ಚೀಲವನ್ನು ಎತ್ತಿ ಹಿಡಿದು, ನೋಡಿ, ಅಪ್ಪಟ ಹಳೇ ಕಾಲದ ಕೈ ಎಂದು ನಾನೇ ಹೊಗಳಿದ್ದೆ.

ಇದನ್ನು ನಿನಗೆ ಬರೆಯದೆ ಇರಲಾಗಲಿಲ್ಲ.

ಹೋಬರ್ಟ್


ಕೂಪರ್ಸ್ ದಂಡೆ
ಏಪ್ರಿಲ್ 29, 2014

ಶ್ರೀ ಹೋಬರ್ಟ್ ಕಾಡಿಲ್ ಅವರಿಗೆ,

ನಿಮ್ಮ ಪತ್ರವನ್ನು ಅಂಚೆಪೆಟ್ಟಿಗೆಯ ಹತ್ತಿರವೇ ನಿಂತು ಓದಿದೆ. ಎಡಗೈ ಡಾಕ್ಟರಮ್ಮನ ಹತ್ತಿರ ಬರುವ ಹೊತ್ತಿಗೆ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ನನ್ನ ನೆರೆಯವರು ಮೋಟಾರು, ಕರೆಂಟು ಮುಟ್ಟದ ಅಮಿಶ್ ಜನ. ಅವರ ಕುದುರೆಗಾಡಿಯೊಂದು ಆ ಕಡೆ ಹೋಗುತ್ತಿತ್ತು. ಗಾಡಿ ನಿಲ್ಲಿಸಿ, ಏನಾಯಿತು, ಯಾರಾದರೂ ಹೋಗಿಬಿಟ್ಟರಾ ಎಂದು ಕೇಳಿದರು. ಅಳುವುದಕ್ಕೂ ನಗುವುದಕ್ಕೂ ನನ್ನ ಮುಖ ಒಂದೇ ಥರ ಇರುತ್ತದೆ.

ಈ ಒಂಬತ್ತು ವರ್ಷ ನಾನು ಅವರ ಕುದುರೆಗಳ ಪಟ್ಟಿ, ಲಗಾಮು, ಜೀನು ಹೊಲಿದುಕೊಂಡಿದ್ದೇನೆ. ಕುದುರೆ ಎಳೆದಾಗ ಹರಿಯಬಾರದು, ಅಷ್ಟೇ ಅವರಿಗೆ ಬೇಕಾದದ್ದು. ಕೋವಿಮದ್ದು ತುಂಬಿಡುವ ಕೊಂಬು ಮಾತ್ರ ಒಂದೂ ಮಾಡಿಲ್ಲ. ಕೊಂಬು ಬೇಯಿಸುವ ವಾಸನೆ ಬಂದರೆ ಶಿಬಿರ ನೆನಪಾಗುತ್ತಿತ್ತು.

ಒಂದು ಪೊಟ್ಟಣ ಬೇರೆಯಾಗಿ ಕಳಿಸಿದ್ದೇನೆ. ಅದರಲ್ಲಿ ಅರ್ಧ ಜಿಂಕೆಯ ಚರ್ಮ, ಎರಡು ಸೂಜಿ, ಒಂದು ದಬ್ಬಳ, ಅಗಸೆ ನಾರಿನ ದಾರ, ಒಂದು ಉಂಡೆ ಮೇಣ ಇವೆ. ಗಾಡಿಯ ಮೇಲೆ ಹತ್ತುವ ಮೊದಲು ನೀವು ಒಂದು ಚೀಲ ಹೊಲಿಯಬೇಕು. ಅಂಗುಲಕ್ಕೆ ಹತ್ತು ಬೇಡ, ಆರು ಸಾಕು. ತಾನು ಏನನ್ನು ತಳ್ಳಿಹಾಕಿದೆ ಎಂದು ತಿಳಿಯದೆ ಕ್ಷಮೆ ಕೇಳುವವರ ಮಾತು ನನಗೆ ಬೇಡ.

ಡೆಲ್ಫಾ ರಿಗ್ಸ್‌ಬಿ


ಸ್ಟಿಲ್‌ಹೌಸ್ ಕೊಳ್ಳ
ಜೂನ್ 15, 2014

ಡೆಲ್ಫಾ,

ಮೊದಲನೆಯ ಚೀಲ ಮುಗಿಯಿತು. ಮುಗಿದ ಮೇಲೆ ಎದ್ದು ನಿಂತರೆ ಅದೂ ನನ್ನ ಜೊತೆ ಎದ್ದಿತು. ನನ್ನ ಚರ್ಮದ ಏಪ್ರನ್ನಿನ ಸಮೇತ ಹೊಲಿದುಬಿಟ್ಟಿದ್ದೆ. ಬಿಚ್ಚಲು ಹೋದೆ. ನಿನ್ನ ಚೀಲ ನೋಡಿ ಕಲಿತ ಹೊಲಿಗೆ, ಬಿಚ್ಚುತ್ತದೆಯೇ. ಕೊನೆಗೆ ಏಪ್ರನ್ನನ್ನೇ ಕತ್ತರಿಸಬೇಕಾಯಿತು.

ಎರಡನೆಯದನ್ನು ಈ ಪೊಟ್ಟಣದಲ್ಲಿ ಇಟ್ಟಿದ್ದೇನೆ. ಮೇಲಿರುವ ಕಂದು ಕಲೆ ಅಕ್ರೋಟದ ಬಣ್ಣವಲ್ಲ, ನನ್ನ ಹೆಬ್ಬೆರಳಿನದು. ಕೋವಿ ಮಾಡುವಾಗ ಮೇಪಲ್ ಮರದಲ್ಲಿ ಕೂದಲೆಳೆಯಷ್ಟು ಗೀರು ತೆಗೆದು ಬೆಳ್ಳಿ ತಂತಿ ಕೂರಿಸುವ ಕೈ ಇದು. ನಳಿಕೆಯ ಒಳಗಿನ ಸುರುಳಿ ಕಾಲು ಎಳೆ ಓರೆಯಾದರೂ ಬೆರಳಲ್ಲಿ ಮುಟ್ಟಿ ಹೇಳುತ್ತದೆ. ಚರ್ಮದ ಎದುರು ಮಾತ್ರ ಮೊದಲ ದಿನ ಶಾಲೆಗೆ ಹೋದ ಹುಡುಗನ ಹಾಗೆ ತಡವರಿಸುತ್ತದೆ. ಮರ ಸುಮ್ಮನೆ ಇರುತ್ತದೆ ಕಣೇ. ಚರ್ಮ ಜರುಗುತ್ತದೆ, ಹಿಗ್ಗುತ್ತದೆ, ಒಂದು ಕಡೆ ಎಳೆದರೆ ಇನ್ನೊಂದು ಕಡೆ ಮುನಿಸಿಕೊಳ್ಳುತ್ತದೆ. ಎಡ ಸೂಜಿ ಮೊದಲೋ ಬಲ ಸೂಜಿ ಮೊದಲೋ, ದಯವಿಟ್ಟು ಬರೆ.

ನಾನು ಮಾಡಿಕೊಟ್ಟ ನಿನ್ನ ಕೋವಿ ಹೇಗಿದೆ? ಚಕಮಕಿ ಕಲ್ಲು ಕಿಡಿ ಬಿಡದಿದ್ದರೆ ಕಲ್ಲನ್ನು ತಿರುಗಿಸಿ ಕೂರಿಸು, ಅಡಿಯಲ್ಲಿ ತೆಳು ಚರ್ಮ ಇಡು. ನಳಿಕೆಗೆ ಎಣ್ಣೆ ಹಾಕುತ್ತಿದ್ದೀಯೋ ಇಲ್ಲವೋ ಎಂದು ಒಂಬತ್ತು ವರ್ಷದಲ್ಲಿ ಎಷ್ಟೋ ಸಲ ಯೋಚಿಸಿದ್ದೇನೆ. ನಿನ್ನ ಬಗ್ಗೆ ಯೋಚಿಸಬಾರದು ಎಂದು ಕೂತಾಗಲೂ ಕೋವಿಯ ಬಗ್ಗೆ ಯೋಚಿಸಬಹುದಿತ್ತು.

ಇನ್ನೊಂದು ಕೇಳಬೇಕು. ಇಷ್ಟವಿಲ್ಲದಿದ್ದರೆ ಉತ್ತರ ಬೇಡ. ನನ್ನ ಮೇಲೆ ಸಿಟ್ಟಿದ್ದದ್ದು ಸರಿ. ಆದರೆ ಇಮೋಜೀನಳ ಮಣ್ಣಿಗೆ ನೀನು ಬರಲಿಲ್ಲ. ಅವಳು ನಿನಗೆ ಏನು ಮಾಡಿದ್ದಳು?

ಹೋಬರ್ಟ್


ಕೂಪರ್ಸ್ ದಂಡೆ
ಜುಲೈ 27, 2014

ಹೋಬರ್ಟ್,

ಆರು ವಾರ ಬರೆಯಲಿಲ್ಲ. ಇದನ್ನು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಮಾತು ಕೊಟ್ಟದ್ದು ಇಮೋಜೀನಳಿಗೆ. ನೀನಾಗಿಯೇ ಚೀಲ ನೋಡಿ, ನೀನಾಗಿಯೇ ಬರೆದಿದ್ದರಿಂದ ಆ ಮಾತಿನ ಗಡುವು ಮುಗಿಯಿತು ಎಂದುಕೊಂಡಿದ್ದೇನೆ.

ಅವಳ ಕೊನೆಯ ಚಳಿಗಾಲದಲ್ಲಿ ನಾನು ನಿನ್ನ ಮನೆಗೆ ಹನ್ನೊಂದು ಸಲ ಬಂದಿದ್ದೇನೆ. ನೀನು ಗುರುವಾರ ಗುರುವಾರ ನಳಿಕೆ ಕಾಯಿಸಲು ಎಂಬ್ರಿಯ ಕುಲುಮೆಗೆ ಹೋಗುತ್ತಿದ್ದೆ. ನೀನು ಹೋದ ಮೇಲೆ ಅವಳು ಹಿತ್ತಲ ಬಾಗಿಲ ಅಗುಳಿ ತೆಗೆದಿಡುತ್ತಿದ್ದಳು. ನಾನು ಕಾರನ್ನು ಪ್ರಾರ್ಥನಾ ಮಂದಿರದ ಹಿಂದೆ ನಿಲ್ಲಿಸಿ, ಹಳ್ಳದ ಪಕ್ಕದಿಂದ ನಡೆದು ಬರುತ್ತಿದ್ದೆ. ಅವಳ ತಲೆ ಬಾಚುತ್ತಿದ್ದೆ. ಕೂದಲು ಉದುರಿದ ಮೇಲೆ ಟೋಪಿ ಹೊಲಿದುಕೊಟ್ಟೆ. ನಾವಿಬ್ಬರೂ ಬೇಕಾದಷ್ಟು ನಗುತ್ತಿದ್ದೆವು, ಹೆಚ್ಚು ಭಾಗ ನಿನ್ನ ವಿಚಾರಕ್ಕೆ. ಮೂರು ಗಂಟೆಗೆ ಎದ್ದು ಹೋಗುತ್ತಿದ್ದೆ. ಮಂದಿರದ ಹೆಂಗಸರು ಕೊಟ್ಟು ಹೋದರು ಎಂದು ಅವಳು ನಿನಗೆ ಬಡಿಸುತ್ತಿದ್ದ ಬೀನ್ಸ್ ಸಾರು ನನ್ನದು. ಒಣ ಸೇಬಿನ ಪದರ ಕೇಕು ನನ್ನದು. ಅದನ್ನು ತಿಂದು ನೀನು ಏನು ಹೇಳಿದೆ ಎಂದು ಅವಳು ಮುಂದಿನ ವಾರ ನನಗೆ ವರದಿ ಕೊಡುತ್ತಿದ್ದಳು.

ಅವನಿಗೆ ನಾನೇ ಚೀಲದ ವಿಷಯ ಹೇಳಿಬಿಡಲೇ ಎಂದು ಒಂದು ಸಲ ಕೇಳಿದೆ. ಅವಳು ಅಂದದ್ದು ಇದು: "ಬೇಡ ಕಣೇ. ನೀನು ಹೇಳಿದ್ರೆ ವಾದಕ್ಕೆ ನಿಲ್ತಾನೆ. ಅವನೇ ನೋಡ್ಲಿ. ಕಣ್ಣಲ್ಲಿ ಕಂಡಿದ್ದನ್ನ ಅವನು ಯಾವತ್ತೂ ಇಲ್ಲ ಅಂದೋನಲ್ಲ. ಹೊತ್ತಾಗುತ್ತೆ, ಅಷ್ಟೇ."

ಮಣ್ಣಿನ ದಿನವೂ ಬಂದಿದ್ದೆ. ರಸ್ತೆಯ ಆಚೆ ಕಾರಿನಲ್ಲೇ ಕೂತಿದ್ದೆ. ನೀನು ಮಂದಿರದ ಬಾಗಿಲಲ್ಲಿ ನಿಂತಿದ್ದೆ. ನಿನ್ನ ಕೋಟಿನ ಕಾಲರು ಒಂದು ಕಡೆ ಒಳಗೆ ಮಡಚಿಕೊಂಡಿತ್ತು. ಅವಳಿದ್ದಿದ್ದರೆ ಸರಿಮಾಡುತ್ತಿದ್ದಳು. ಇಳಿದು ಹೋಗಿ ಅದನ್ನೊಂದು ಸರಿಮಾಡಿ ಬರೋಣ ಎಂದು ಕಾರಿನ ಬಾಗಿಲು ತೆಗೆದೆ. ಮತ್ತೆ ಹಾಕಿಕೊಂಡೆ.

ಮೊದಲು ಎಡ ಸೂಜಿ. ಯಾವತ್ತೂ ಎಡ ಸೂಜಿ. ಎರಡು ದಾರವನ್ನೂ ಒಂದೇ ಬಿಗಿಯಲ್ಲಿ ಎಳೆ.

ಡೆಲ್ಫಾ


ಸ್ಟಿಲ್‌ಹೌಸ್ ಕೊಳ್ಳ
ಆಗಸ್ಟ್ 9, 2014

ಡೆಲ್ಫಾ,

ಆ ಚಳಿಗಾಲದಲ್ಲಿ ಗುರುವಾರ ಸಂಜೆ ನಾನು ಮನೆಗೆ ಬಂದರೆ ಅವಳ ಮುಖ ಗೆಲುವಾಗಿರುತ್ತಿತ್ತು. ಬುಧವಾರದ ಔಷಧಿ ಕೆಲಸ ಮಾಡುತ್ತಿದೆ ಎಂದು ನಾನು ಡಾಕ್ಟರಿಗೂ ಹೇಳಿದ್ದೆ. ಅವರೂ ಬರೆದುಕೊಂಡಿದ್ದರು.

ನಿನ್ನ ಪತ್ರ ಬಂದ ದಿನ ಬೀನ್ಸ್ ಬಳ್ಳಿಗಳ ನಡುವೆ ಹೋಗಿ ಕೂತೆ. ಅವಳ ಬೀಜಗಳೇ. ಇಲಿ ಬಿಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊಳೆತಿವೆ. ಎಷ್ಟು ಹೊತ್ತು ಕೂತಿದ್ದೆ ಗೊತ್ತಿಲ್ಲ. ಅವಳು ಒಬ್ಬಳೇ ಇರಲಿಲ್ಲ ಎಂಬುದೊಂದೇ ತಲೆಯಲ್ಲಿ ಓಡುತ್ತಿತ್ತು. ಅವಳನ್ನು ಒಂಟಿಯಾಗಿ ಬಿಟ್ಟು ಕುಲುಮೆಗೆ ಹೋಗುತ್ತಿದ್ದೆನಲ್ಲ ಎಂದು ಆರು ವರ್ಷದಿಂದ ಗುರುವಾರಗಳನ್ನು ಕಂಡರೆ ನನಗಾಗುತ್ತಿರಲಿಲ್ಲ.

ಆಮೇಲೆ ಕೇಕಿನ ಸಂಗತಿ ನೆನಪಾಗಿ ನಗು ಬಂತು. ಪ್ರತಿ ಕ್ರಿಸ್‌ಮಸ್‌ಗೆ ಮಂದಿರದ ಹೆಂಗಸರಿಗೆ, ಆ ಚಳಿಗಾಲದಲ್ಲಿ ನಮ್ಮನ್ನು ನೋಡಿಕೊಂಡದ್ದಕ್ಕೆ ಎಂದು, ನಾನೇ ಹೊಗೆಯಲ್ಲಿಟ್ಟ ಇಡೀ ಒಂದು ಹಂದಿತೊಡೆ ಕೊಡುತ್ತಾ ಬಂದಿದ್ದೇನೆ. ಆರು ವರ್ಷ, ಆರು ತೊಡೆ. ಒಬ್ಬಳಾದರೂ ನಾವಲ್ಲ ಅನ್ನಲಿಲ್ಲ. ನಿನ್ನೆ ಹೋಗಿ ಕೇಳಿದೆ. ಅವರಲ್ಲಿ ಹಿರಿಯಳು, ನೀವು ಅಷ್ಟು ಪ್ರೀತಿಯಿಂದ ಕೊಡುವಾಗ ಬೇಡ ಅನ್ನೋದು ಹೇಗೆ ಎಂದಳು.

ಮೂರನೆಯ ಚೀಲ ಕಳಿಸುತ್ತಿದ್ದೇನೆ.

ಹೋಬರ್ಟ್


ಕೂಪರ್ಸ್ ದಂಡೆ
ಸೆಪ್ಟೆಂಬರ್ 14, 2014

ಹೋಬರ್ಟ್,

ಮೂರನೆಯದನ್ನು ಚೀಲ ಎಂದು ಕರೆಯಬಹುದು. ಎರಡನೆಯದನ್ನು ಬಾತುಕೋಳಿಗಳ ಗೂಡಿನಲ್ಲಿ ಹಾಸಿದ್ದೇನೆ. ಅವೂ ಮೊದಲು ಸ್ವಲ್ಪ ಹಿಂದುಮುಂದು ನೋಡಿದವು.

ಬಲಗಡೆಯ ಹೊಲಿಗೆ ನಾಲ್ಕು ಅಂಗುಲದವರೆಗೆ ನೆಟ್ಟಗಿದೆ. ಐದನೆಯ ಅಂಗುಲದಲ್ಲಿ ನಿನಗೆ ಜಂಬ ಬಂದಿದೆ, ಕಾಣುತ್ತದೆ. ಅಲ್ಲಿಂದ ಮುಂದೆ ಬೆಟ್ಟ ಹತ್ತಿ ಇಳಿದಿದೆ. ಆದರೆ ಬಿಗಿ ಚೆನ್ನಾಗಿದೆ. ಮೂರು ಕಡೆ ಕತ್ತರಿಸಿ ಎಳೆದು ನೋಡಿದೆ. ಬಿಡಲಿಲ್ಲ. ಮತ್ತೆ ಹೊಲಿದು ಸರಿಮಾಡಿ ವಾಪಸು ಕಳಿಸಿದ್ದೇನೆ. ನಾನು ಹೊಲಿದದ್ದು ಯಾವುದು ಎಂದು ಭೂತಗನ್ನಡಿ ಇಲ್ಲದೆ ಗೊತ್ತಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡ.

ಅಕ್ಟೋಬರಿಗೆ ಬರುತ್ತೀಯಾ ಎಂದು ನೀನು ಕೇಳಿಲ್ಲ. ಕೇಳದೆ ಇದ್ದದ್ದು ಒಳ್ಳೆಯದು. ಆ ಮೈದಾನ ನೆನೆದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ನನ್ನ ಶಿಬಿರದ ಉಡುಪುಗಳನ್ನೆಲ್ಲ ಯಾರು ಯಾರಿಗೋ ಕೊಟ್ಟುಬಿಟ್ಟೆ. ಬಾತುಕೋಳಿ ನೋಡಿಕೊಳ್ಳುವವರೂ ಇಲ್ಲ. ನನ್ನ ದಾರಿ ನೋಡಬೇಡ. ನಾನು ಇದ್ದೇನೆ ಎಂದು ಹೇಳುವುದಲ್ಲ, ಇಲ್ಲದಿದ್ದರೂ ಹೇಳು.

ಡೆಲ್ಫಾ


ಸ್ಟಿಲ್‌ಹೌಸ್ ಕೊಳ್ಳ
ಅಕ್ಟೋಬರ್ 13, 2014

ಡೆಲ್ಫಾ,

ನೀನು ಸುಖವಾಗಿ ಮನೆ ತಲುಪಿದೆ ಎಂದು ಎಂಬ್ರಿ ಹೇಳಿದ.

ನನಗೊಂದು ಉಪಕಾರ ಮಾಡು. ಶನಿವಾರ ಬೆಳಿಗ್ಗೆ ಆ ಗಾಡಿಯ ಮೇಲಿಂದ ನನಗೆ ಕಂಡದ್ದು ಇಷ್ಟು: ಕೆಳಗೆ ಕೋರಾಬಟ್ಟೆಯ ಅಂಗಿಗಳು, ತೋಳಿಲ್ಲದ ಕೋಟುಗಳು, ಮೂರು ಮೂಲೆಯ ಟೋಪಿಗಳು. ಎರಡು ಸಲ ನೋಡಿದೆ, ನೀನಿರಲಿಲ್ಲ. ಇಲ್ಲದಿದ್ದರೂ ಹೇಳು ಎಂದಿದ್ದೆಯಲ್ಲ, ಹೇಳಿದೆ. ಎಂಬ್ರಿ ಏನೋ ಕೇಳಿದ, ಉತ್ತರ ಕೊಟ್ಟೆ. ಎಲ್ಲರೂ ನಕ್ಕರು. ನನ್ನ ತಪ್ಪಿಗೇ ನಕ್ಕರು ಎಂದುಕೊಂಡೆ. ಅಷ್ಟರಲ್ಲಿ ಪ್ರೇಕ್ಷಕರ ಹಗ್ಗದ ಕೆಳಗಿಂದ ಒಂದು ಹಳದಿ ರೇನ್‌ಕೋಟು ನುಸುಳಿತು. ಆಮೇಲಿನದೆಲ್ಲ ನನ್ನ ಪಾಲಿಗೆ ಬರೀ ಬಾಯಿಗಳ ಅಲುಗಾಟ. ಇನ್ನೂರು ಬಾಯಿ ಒಂದಾದ ಮೇಲೊಂದು ಅಲುಗಿದವು. ಒಬ್ಬರೂ ನನಗೆ ಬಿಡಿಸಿ ಹೇಳುತ್ತಿಲ್ಲ. ಎಂಬ್ರಿಯನ್ನು ಕೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ.

ನೀನು ಬರೆ. ಒಂದೂ ಬಿಡದೆ ಬರೆ.

ಹೋಬರ್ಟ್


ಕೂಪರ್ಸ್ ದಂಡೆ
ಅಕ್ಟೋಬರ್ 24, 2014

ಹೋಬರ್ಟ್,

ಒಂದೂ ಬಿಡದೆ ಬರೆಯುತ್ತೇನೆ. ಕೂತು ಓದು.

ಬಾತುಕೋಳಿಗಳನ್ನು ಅಮಿಶ್ ನೆರೆಯವರಿಗೆ ಒಪ್ಪಿಸಿ ಶುಕ್ರವಾರವೇ ಹೊರಟೆ. ಶನಿವಾರ ಬೆಳಿಗ್ಗೆ ಟಿಕೆಟು ತೆಗೆದುಕೊಂಡು, ನೋಡಲು ಬಂದ ಜನರ ಜೊತೆ ಹಗ್ಗದ ಆಚೆ ನಿಂತೆ. ಜಿಟಿಜಿಟಿ ಮಳೆ. ನನ್ನ ಪಕ್ಕ ಫ್ಲಾಸ್ಕ್ ಹಿಡಿದುಕೊಂಡ ಒಬ್ಬ ಹೆಂಗಸು ಇದ್ದಳು. ನೀನು ಗಾಡಿ ಹತ್ತಿ ಶುರುಮಾಡಿದೆ. ಕಿವಿ ಕೇಳದವರು ಎಷ್ಟು ಜೋರಾಗಿ ಮಾತಾಡುತ್ತಾರೆ ಎಂದು ನಿನಗೆ ಗೊತ್ತಿಲ್ಲ. ಪಕ್ಕದ ಕೌಂಟಿಗೂ ಕೇಳಿಸಿರಬೇಕು. ಆ ಮುದುಕರು ಯಾಕೆ ಹಾಗೆ ಕೂಗುತ್ತಿದ್ದಾರೆ ಎಂದು ಅವಳು ನನ್ನನ್ನು ಕೇಳಿದಳು. ನನ್ನ ವಿಷಯ ಹೇಳುತ್ತಿದ್ದಾರೆ ಎಂದೆ. ಅವಳು ಒಂದು ಹೆಜ್ಜೆ ಆಚೆ ಸರಿದು ನಿಂತಳು.

ನೀನು ಆಡಿದ ಮಾತು ನಿನಗೇ ಕೇಳಿಸಿರಲಿಕ್ಕಿಲ್ಲ, ಆದ್ದರಿಂದ ಅದನ್ನೂ ಬರೆದಿಡುತ್ತೇನೆ: "ಡೆಲ್ಫಾ ರಿಗ್ಸ್‌ಬಿಯ ಚೀಲ ಯಂತ್ರದ್ದು ಅಂತ ಇದೇ ಜಾಗದಲ್ಲಿ ಹೇಳಿದೆ. ಅದು ಕೈಯಲ್ಲಿ ಹೊಲಿದಿದ್ದು. ಅಷ್ಟು ಚೆನ್ನಾಗಿ ಕೈಯಲ್ಲಿ ಹೊಲೀಬಹುದು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು. ಈ ಬೇಸಿಗೆಯಲ್ಲಿ ನಾನೂ ಮೂರು ಹೊಲಿದೆ. ನೋಡಿ." ಆಮೇಲೆ ನಿನ್ನ ಚೀಲವನ್ನು, ಆ ಬೆಟ್ಟ ಹತ್ತಿ ಇಳಿದ ಹೊಲಿಗೆಯನ್ನು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ.

ಎಂಬ್ರಿ ಮುಂದೆ ಬಂದು ಕೇಳಿದ: "ಹಾಗಾದ್ರೆ ಹೋಬರ್ಟ್, ಇನ್ಮೇಲೆ ನಾವು ನೆಟ್ಟಗೆ ಹೊಲೀಬಹುದಾ?"

ಅವನು ಕೇಳಿದ್ದು ಹೊಲೀಬಹುದಾ ಎಂದು. ನಿನಗೆ ಹೋಗಬಹುದಾ ಎಂದು ಕೇಳಿಸಿರಬೇಕು. ನೀನು ಬಹಳ ಗಂಭೀರವಾಗಿ, "ಹೋಗಿ ಹೋಗಿ, ಊಟದ ಹೊತ್ತಿಗೆ ಬನ್ನಿ" ಅಂದೆ. ಜನ ನಕ್ಕದ್ದು ಅದಕ್ಕೆ. ನಿನ್ನ ತಪ್ಪಿಗೆ ನಕ್ಕದ್ದಲ್ಲ. ಆದರೆ ನಿನ್ನ ಮುಖ ಇಳಿದುಹೋಯಿತು. ನೀನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಅದನ್ನು ನೋಡಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ. ಒಂದು ಸಲ ಕಾರಿನ ಬಾಗಿಲು ತೆಗೆದು ಮತ್ತೆ ಹಾಕಿಕೊಂಡವಳು ನಾನು. ಹಗ್ಗ ಎತ್ತಿದೆ, ಬಂದೆ.

ಹಗ್ಗದ ಕಾವಲಿಗಿದ್ದವನು ಲೂಥರ್ ಎಂಬ ಹೊಸಬ. ನನ್ನನ್ನು ಕಂಡವನಲ್ಲ. ಅಡ್ಡ ಬಂದ. "ಅಮ್ಮಾ, ಈ ಬಟ್ಟೇಲಿ ಒಳಗೆ ಹೋಗೋ ಹಾಗಿಲ್ಲ. ನಿಯಮ ಇದೆ." ಯಾರು ಬರೆದ ನಿಯಮ ಎಂದೆ. "ಅಗೋ, ಗಾಡಿ ಮೇಲಿದ್ದಾರಲ್ಲ, ಅವರೇ." ಹಾಗಾದರೆ ಅವರನ್ನೇ ಕೇಳು ಎಂದೆ. ಆಗಲೇ ಎಲ್ಲರೂ ನಿನ್ನ ಕಡೆ ತಿರುಗಿದ್ದು.

ನೀನು ಮಂಡಿ ಹಿಡಿದುಕೊಂಡು ಇಳಿದು ಬಂದದ್ದು, ಮೈಮೇಲಿನ ಬೇಟೆಯಂಗಿ ಬಿಚ್ಚಿ ನನ್ನ ರೇನ್‌ಕೋಟಿನ ಮೇಲೆ ಹೊದಿಸಿದ್ದು ನಿನಗೆ ಗೊತ್ತಿದೆ. ಈಗ ಸರಿ ಇದೆಯಾ ಎಂದು ನೀನು ಲೂಥರನನ್ನು ಕೇಳಿದೆ. ಪಾಪದವನು, ನಿಯಮ ಓದಿಕೊಂಡು ಬಂದಿದ್ದ. ತಲೆ ತಗ್ಗಿಸಿ, "ಬೂಟು?" ಅಂದ. ನನ್ನ ಕಾಲಲ್ಲಿ ಬಾತುಕೋಳಿ ಗೂಡಿಗೆ ಹಾಕಿಕೊಂಡು ಹೋಗುವ ಹಸಿರು ರಬ್ಬರ್ ಬೂಟುಗಳಿದ್ದವು.

ಎಂಬ್ರಿ ಹೇಳಿದ: "ಯಾವ ಬೂಟು? ನನಗೇನೂ ಕಾಣ್ತಿಲ್ಲ."

ಅವನ ಹೆಂಡತಿ, ನನಗೂ ಕಾಣುತ್ತಿಲ್ಲ ಅಂದಳು. ಅವಳ ಪಕ್ಕದವನು ನನಗೂ ಅಂದ. ಹಾಗೇ ಸಾಲು ಸಾಲಾಗಿ, ಒಬ್ಬರಾದ ಮೇಲೊಬ್ಬರು, ಅಡುಗೆಯವರು, ಕಮ್ಮಾರರು, ಗುಡಾರದ ಹಿಂದಿನಿಂದ ಬಗ್ಗಿ ನೋಡಿದವರು ಕೂಡ, ನನಗೂ ಕಾಣುತ್ತಿಲ್ಲ, ನನಗೂ ಕಾಣುತ್ತಿಲ್ಲ ಎಂದು ಹೇಳಿದರು. ಆ ಇನ್ನೂರು ಬಾಯಿ ಆಡಿದ ಮಾತು ಅದು. ಕೊನೆಗೆ ಹಗ್ಗದ ಆಚೆಯಿಂದ ಫ್ಲಾಸ್ಕಿನ ಹೆಂಗಸೂ ಕೂಗಿದಳು, ನನಗೂ ಕಾಣುತ್ತಿಲ್ಲ ಎಂದು. ನೀನೊಬ್ಬನೇ ನನ್ನ ಬೂಟನ್ನೇ ನೋಡುತ್ತಾ ನಿಂತಿದ್ದೆ.

ಮಧ್ಯಾಹ್ನ ಮಳೆ ನಿಂತ ಮೇಲೆ ನೀನು ನಿನ್ನ ಕೋವಿಯನ್ನು ನನ್ನ ಕೈಗೆ ಕೊಟ್ಟೆ. ಮದ್ದು ಅಳೆದು ಹುಯ್ಯುವಾಗ ನಾನು ಅರ್ಧ ಹೊರಗೆ ಚೆಲ್ಲಿದ್ದನ್ನು ನೋಡಿ ನೀನು ಆ ಕಡೆ ಮುಖ ತಿರುಗಿಸಿಕೊಂಡದ್ದು ಗೊತ್ತಾಯಿತು. ಬಟ್ಟೆಯ ಚೂರಿನಲ್ಲಿ ಗುಂಡು ಸುತ್ತಿ, ಕೋಲಿನಿಂದ ಕೆಳಗಿಳಿಸಿ, ಕೊಡಲಿಯ ಅಲಗಿಗೆ ಗುರಿಯಿಟ್ಟೆ. ಗುಂಡು ಅಲಗಿಗೆ ಬಡಿದು ಎರಡಾಗಿ, ಎರಡು ಪಕ್ಕದ ಮಣ್ಣಿನ ತಟ್ಟೆಗಳನ್ನೂ ಒಡೆಯಬೇಕು. ಹಿಂದೆ ಹತ್ತರಲ್ಲಿ ಏಳು ಸಲ ಒಡೆಯುತ್ತಿದ್ದೆ. ಈ ಸಲ ಮೂರು ಹೊಡೆತ, ಮೂರೂ ಹಿಂದಿನ ಮಣ್ಣುದಿಬ್ಬಕ್ಕೆ. ಗುರಿ ತಪ್ಪಿ ಇಷ್ಟು ಸಂತೋಷಪಟ್ಟವರು ಆ ಮೈದಾನದಲ್ಲಿ ಯಾರೂ ಇರಲಿಕ್ಕಿಲ್ಲ. ಮದ್ದಿನ ಹೊಗೆ ಮೂರು ದಿನ ಕೂದಲಲ್ಲಿತ್ತು. ತಲೆಗೆ ನೀರು ಹಾಕಿಕೊಳ್ಳಲಿಲ್ಲ.

ಸಾಯಂಕಾಲ ನಾನು ಹೊರಡುವಾಗ ಎಡಗೈ ಡಾಕ್ಟರಮ್ಮ ಬಂದಳು. ಇನ್ನು ಬಲಗೈಯಲ್ಲಿ ಹೊಲಿಯುವುದಕ್ಕೆ ಧೈರ್ಯ ಸಾಲದು, ಮೊದಲಿನಿಂದ ಕಲಿಸಿಕೊಡುತ್ತೀರಾ ಎಂದಳು. ಅವಳ ಹಿಂದೆ ಎಂಬ್ರಿಯ ಹೆಂಡತಿ, ಅವಳ ಹಿಂದೆ ಇನ್ನೂ ಎಂಟು ಜನ. ನವೆಂಬರಿನಿಂದ ನನ್ನ ಕೊಟ್ಟಿಗೆಯ ಅಂಗಡಿಗೆ ಬರುತ್ತಾರೆ. ಅವರಲ್ಲಿ ನಾಲ್ವರಿಗೆ ಕೋವಿಯ ಮರ ಕೆತ್ತುವುದನ್ನೂ ಕಲಿಯಬೇಕಂತೆ.

ನನ್ನ ಕಾರಿನ ಕಿಟಕಿಯ ಹತ್ತಿರ ನೀನು ಬಂದೆ. ನಾನು ಒಂದು ಮಾತು ಹೇಳಿದೆ. ನೀನು ತಲೆಯಾಡಿಸಿದೆ. ಇಂಜಿನ್ ಶಬ್ದದಲ್ಲಿ ನಿನಗೆ ಏನೂ ಕೇಳಿಸಿರಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ತಲೆಯಾಡಿಸಿದ್ದನ್ನೇ ಒಪ್ಪಿಗೆ ಎಂದು ಹಿಡಿದುಕೊಳ್ಳಬಹುದಿತ್ತು. ಬೇಡ. ತಿಳಿದು ಒಪ್ಪಿಕೊ. ನಾನು ಹೇಳಿದ್ದು ಇದು: "ಈ ಚಳಿಗಾಲ ಅಲ್ಲೇ ಒಬ್ಬನೇ ಕೂತಿರಬೇಡ. ಮರ, ಉಳಿ ಎಲ್ಲ ಕಟ್ಕೊಂಡು ನಮ್ಮಲ್ಲಿಗೆ ಬಂದ್ಬಿಡು. ಅಂಗಡಿ ಹಿಂದಿನ ಕೋಣೇಲಿ ಒಲೆ ಇದೆ."

ಡೆಲ್ಫಾ


ಸ್ಟಿಲ್‌ಹೌಸ್ ಕೊಳ್ಳ
ನವೆಂಬರ್ 1, 2014

ಡೆಲ್ಫಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಕೊನೆಯ ಸಾಲನ್ನು ಎಷ್ಟು ಸಲ ಎಂದು ಎಣಿಸಲಿಲ್ಲ.

ಮಂಗಳವಾರ ಹೊರಡುತ್ತೇನೆ. ಮಧ್ಯಾಹ್ನ ಎರಡರ ಹೊತ್ತಿಗೆ ನದಿ ದಾಟಿರುತ್ತೇನೆ. ಆರು ಮೇಪಲ್ ಹಲಗೆ, ನಾಲ್ಕು ನಳಿಕೆ, ಉಳಿಗಳ ಪೆಟ್ಟಿಗೆ, ಒಂದು ಡಬ್ಬ ಅಗಸೆ ಎಣ್ಣೆ, ಈ ವರ್ಷದ ಹಂದಿತೊಡೆ ತರುತ್ತಿದ್ದೇನೆ. ಕೊಂಬು ಬೇಯಿಸುವ ದೊಡ್ಡ ಹಂಡೆ ಇದೆ, ಅದನ್ನೂ ತರಲೇ ಎಂದು ಕೇಳಿ ಉತ್ತರಕ್ಕೆ ಕಾಯುವಷ್ಟು ಹೊತ್ತಿಲ್ಲ, ತರುತ್ತೇನೆ.

ಇವತ್ತು ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ, ಮಾರ್ಚಿನವರೆಗೆ ನಾನು ಊರಲ್ಲಿರುವುದಿಲ್ಲ ಎಂದು ಬರೆದುಕೊಟ್ಟೆ. ನಿಮ್ಮ ಪತ್ರಗಳನ್ನು ಯಾವ ವಿಳಾಸಕ್ಕೆ ಕಳಿಸಲಿ ಎಂದು ಕಿಟಕಿಯ ಹುಡುಗಿ ಕಾಗದದಲ್ಲಿ ಬರೆದು ಕೇಳಿದಳು. ಎಲ್ಲಿಗೂ ಬೇಡಮ್ಮ ಎಂದೆ. ನನಗೆ ಪತ್ರ ಬರೆಯುವವಳು ಎದುರಿಗೇ ಕೂತಿರುತ್ತಾಳೆ.

ಹೋಬರ್ಟ್